ಫ್ರಿಜ್ಜಿನಲ್ಲಿಟ್ಟ ಜೀರಿಗೆ-ಬೆಲ್ಲ

ಗಂಡನಿಗೆ ನಾನು ಮೊಟ್ಟಮೊದಲು ಕೊಟ್ಟದ್ದು ಪೆಟ್ಟು. ಅದೂ ಎಡಗಣ್ಣಿಗೆ, ಚಾಮರಾಜಪೇಟೆಯ ಛತ್ರದಲ್ಲಿ, ಎರಡೂ ಕಡೆಯ ಬಂಧುಬಳಗದ ಎದುರು.

ನಮ್ಮ ಮದುವೆಗಳಲ್ಲಿ ಅಂತರಪಟ ಸರಿಯುತ್ತಲೇ ಗಂಡು ಹೆಣ್ಣು ಒಬ್ಬರ ತಲೆಗೊಬ್ಬರು ಜೀರಿಗೆ-ಬೆಲ್ಲ ಹಾಕುತ್ತಾರೆ. ಮೊದಲು ಹಾಕಿದವರದೇ ಮನೆಯಲ್ಲಿ ಮೇಲುಗೈ ಅಂತೆ. ಕಾಲೇಜಿನಲ್ಲಿ ಥ್ರೋಬಾಲ್ ಆಡಿದವಳು ನಾನು, ಸೋಲುವುದುಂಟೇ? ಆದರೆ ಚಿಕ್ಕಮ್ಮ, ಇರುವೆ ಮುತ್ತುತ್ತದೆ ಎಂದು ಉಂಡೆಯನ್ನು ಹಿಂದಿನ ದಿನವೇ ಕಟ್ಟಿ ಫ್ರಿಜ್ಜಿನಲ್ಲಿ ಇಟ್ಟುಬಿಟ್ಟಿದ್ದರು. ವೀಳ್ಯದೆಲೆಯೊಳಗೆ ಅದು ಗೋಲಿಯಂತೆ ಗಟ್ಟಿಯಾಗಿತ್ತು. ಕೈಗೆ ತಣ್ಣಗೆ ತಾಗಿದ್ದು ನನಗೂ ಗೊತ್ತಾಯಿತು. ಗೆಲ್ಲುವ ಅಮಲಿನಲ್ಲಿ ಯಾರು ಯೋಚಿಸುತ್ತಾರೆ!

ಪಟ ಅರ್ಧವೂ ಸರಿದಿರಲಿಲ್ಲ, ಬೀಸಿದೆ. "ಗೆದ್ದೆ!" ಎಂದು ಅಲ್ಲೇ ಕುಣಿದೆ. ನಮ್ಮ ಕಡೆಯವರು ಶಿಳ್ಳೆ ಹೊಡೆದರು. ಎದುರಿಗೆ ನನ್ನ ಗಂಡನ ಎಡಗಣ್ಣಿಂದ ನೀರು ಸುರಿಯುತ್ತಿತ್ತು. "ಪಾಪ, ಆನಂದಬಾಷ್ಪ," ಎಂದು ಯಾರೋ ಅಜ್ಜಿ ತಾವೂ ಕಣ್ಣೊರೆಸಿಕೊಂಡರು. ಇವರು ಒಂದೇ ಕಣ್ಣಲ್ಲಿ ತಾಳಿ ಕಟ್ಟಿದರು.

ಆಮೇಲೆ ಮಟಮಟ ಮಧ್ಯಾಹ್ನ ಪುರೋಹಿತರು ಛತ್ರದ ಹೊರಗೆ ನಿಲ್ಲಿಸಿ, "ಅರುಂಧತಿ ನಕ್ಷತ್ರ ಕಾಣಿಸ್ತಾ?" ಎಂದರು. ಆ ಬಿಸಿಲಲ್ಲಿ ಯಾರಿಗೂ ಕಾಣುವುದಿಲ್ಲ, ಎಲ್ಲರೂ ಹೂಂ ಅನ್ನುತ್ತಾರೆ. ಇವರು ಮಾತ್ರ ಬಲಗಣ್ಣು ಮುಚ್ಚಿ ನನ್ನತ್ತ ತಿರುಗಿ ಪಿಸುಗುಟ್ಟಿದರು: "ನಕ್ಷತ್ರ ಬಿಡು, ನಂಗೆ ನಿನ್ ಮುಖಾನೇ ಕಾಣ್ತಿಲ್ಲ."



ಪೇಟ, ಪಂಚೆ, ಧಾರೆ ಸೀರೆ ಸಮೇತ ಆಟೋ ಹತ್ತಿ ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು.

"ಏನ್ ತಗಲಿದ್ದು?" ಎಂದರು ಡಾಕ್ಟರು.

"ಬೆಲ್ಲ," ಎಂದರು ಇವರು.

"ಎಸೆದಿದ್ಯಾರು?"

ನಾನು ತಲೆ ತಗ್ಗಿಸಿದೆ. ಮದುವೆಯ ದಿನ ನಾನು ನಾಚಿದ್ದು ಅದೊಂದೇ ಸಲ.

ಡಾಕ್ಟರು ನಗು ತಡೆದುಕೊಂಡು ವಿವರಿಸಿದರು. ಕಣ್ಣೆಂದರೆ ನೀರು ತುಂಬಿದ ಚೆಂಡು. ಮುಂದಿನಿಂದ ಗುದ್ದಿದರೆ ಅಮುಕಿಕೊಂಡು ಪಕ್ಕಕ್ಕೆ ಉಬ್ಬುತ್ತದೆ, ಒಳಗಿನ ಸಣ್ಣ ರಕ್ತನಾಳ ಒಡೆಯುತ್ತದೆ. ಹೊರಗೆ ಗಾಯವೇ ಇಲ್ಲ, ಒಳಗೆ ಪಾಪೆಯ ಮುಂದೆ ರಕ್ತ ನಿಂತಿದೆ. "ಉಜ್ಜಬೇಡಿ, ಬಗ್ಗಬೇಡಿ, ತಲೆ ಎತ್ತರಕ್ಕಿಟ್ಟು ಮಲಗಿ. ಇಳಿಯತ್ತೆ ಅನ್ಸತ್ತೆ. ಮತ್ತೆ ರಕ್ತ ಬಂದ್ರೆ ಮಾತ್ರ ಕಷ್ಟ."

ಆ 'ಅನ್ಸತ್ತೆ' ನನ್ನ ಜೀವ ಹಿಂಡಿತು. ಮೂರು ದಿಂಬು ಪೇರಿಸಿದೆ, ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಿದೆ, ಅವರ ಕೈ ಕಣ್ಣ ಹತ್ತಿರ ಹೋದರೆ ಗದರಿದೆ. ಮೇಲುಗೈ ಯಾರಿಗೆ ಬೇಕಿತ್ತು!

ಆರನೆಯ ದಿನ ಡಾಕ್ಟರು ಅವರ ಬಲಗಣ್ಣು ಮುಚ್ಚಿ ಗೋಡೆಯ ಅಕ್ಷರಗಳನ್ನು ಓದಲು ಹೇಳಿದರು. ಅವರು ಗೋಡೆಯತ್ತ ನೋಡಲೇ ಇಲ್ಲ, ಮೂಲೆಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

"ಮೂಗುಬೊಟ್ಟು ಕಾಣ್ತಿದೆ," ಎಂದರು. "ಅಯ್ಯೋ, ಅಳ್ತಿದೀಯಾ?"

"ಆನಂದಬಾಷ್ಪ ಕಣ್ರೀ," ಎಂದೆ.