ಕಿವಿ ಅಕ್ಕೋರ ಹುಣಸೆ ಬೀಜ

ಅವರ ಎರಡೂ ಮುಂಗೈಯಲ್ಲಿ, ಬಳೆ ಇರಬೇಕಾದ ಜಾಗದಲ್ಲಿ, ಬೆಳ್ಳನೆಯ ಪಟ್ಟಿಯಷ್ಟೇ ಇತ್ತು. ಸಿಂದಗಿಯಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡುತ್ತಿದ್ದ ಅವರನ್ನು ಎಲ್ಲರೂ ಕಿವಿ ಅಕ್ಕೋರು ಅನ್ನುತ್ತಿದ್ದರು. ನನ್ನ ಹಾಗೆ ಇವರೂ ಗಂಡನನ್ನು ಕಳೆದುಕೊಂಡವರು ಎಂದುಕೊಂಡು, "ಇಷ್ಟ್ ಸಣ್ಣ ವಯಸ್ಸಿನ್ಯಾಗ..." ಎಂದುಬಿಟ್ಟೆ. ಅವರು ನಕ್ಕು, ಊಟದ ಡಬ್ಬಿಯ ಪಕ್ಕದಲ್ಲಿದ್ದ ಕರವಸ್ತ್ರ ಬಿಚ್ಚಿ ತೋರಿಸಿದರು. ಒಳಗೆ ಹಸಿರು ಬಳೆಗಳು.

"ನಮ್ಮನಿಯವರು ಗಟ್ಟಿಮುಟ್ಟ ಅದಾರ್ರಿ ಆಯಿ. ಬಳಿ ಸಪ್ಪಳಕ್ಕ ಮಕ್ಕಳು ತಿರಗತಾವ, ಅದಕ್ಕ ಬಿಚ್ಚಿಟ್ಟೇನಿ."

ನಾಚಿಕೆಯಿಂದ ಸೆರಗು ಮುಖದ ತನಕ ಎಳೆದುಕೊಂಡೆ.

ಮಕ್ಕಳೇ, ಆಗ ನಿಮ್ಮಕ್ಕನಿಗೆ ಮೂರು ವರ್ಷ. ಒಂದು ಮಾತೂ ಆಡುತ್ತಿರಲಿಲ್ಲ ಎಂದು ಅವಳನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಆದರೂ ಅವಳಿಗೆ ಕಿವಿ ಕೇಳುತ್ತದೆ ಎಂದೇ ನಂಬಿದ್ದೆವು. ನಿಮ್ಮಪ್ಪ ಹಿಂದೆ ನಿಂತು ತಾಟು ಬಡಿದರೆ ತಿರುಗಿ ನೋಡುತ್ತಿದ್ದಳಲ್ಲ!

"ತಾಟು ಬಡಿದಾಗ ನೀವೆಲ್ಲ ಎತ್ತ ನೋಡತಿದ್ರಿ?" ಎಂದು ಅಕ್ಕೋರು ಕೇಳಿದರು.

"ತಾಟಿನ ಕಡಿಗೇ ರೀ," ಎಂದ ನಿಮ್ಮಪ್ಪ.

"ಹಂಗಾರ ಆಕಿ ನಿಮ್ಮ ಕಣ್ಣು ನೋಡಿ ತಿರಗ್ಯಾಳ. ಶಾಣೇ ಹುಡುಗಿ ಐತಿ."

ಪರೀಕ್ಷೆಗೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಒಬ್ಬರು ಬೇಕಿತ್ತು. ನಿಮ್ಮವ್ವನಿಗೆ ಬಳೆ ಬಿಚ್ಚಲು ಮನಸ್ಸು ಬರಲಿಲ್ಲ. ಅಕ್ಕೋರು ಒತ್ತಾಯ ಮಾಡಲಿಲ್ಲ. ನನ್ನ ಕಡೆ ತಿರುಗಿ, "ಆಯಿ, ನೀವ ಬರ್ರಿ. ನನಗ ಇಂಥಾ ಕೈನ ಬೇಕು," ಎಂದರು. ತೊಟ್ಟಿಲ ಕಾರ್ಯದಲ್ಲೂ ಬಾಗಿಲ ಮರೆಗೆ ನಿಲ್ಲುತ್ತಿದ್ದ ನನ್ನನ್ನು ಅವರು ಮುಂದೆ ಕರೆದರು.

ಕಿಟಕಿಗೆ ದಪ್ಪ ಕೌದಿ ಕಟ್ಟಿದ ಕೋಣೆ. ಮಗುವಿನ ತಲೆಗೆ ಹೆಡ್‌ಫೋನ್, ಕೈಯಲ್ಲಿ ಹುಣಸೆ ಬೀಜ, ಎದುರಿಗೆ ಸ್ಟೀಲ್ ಬಟ್ಟಲು. ಸಪ್ಪಳ ಕೇಳಿದಾಗ ಮಾತ್ರ ಬೀಜ ಬಟ್ಟಲಿಗೆ ಹಾಕಬೇಕು. ಅಕ್ಕೋರು ಅವಳ ಕೈ ಹಿಡಿದು ಆ ಆಟ ಕಲಿಸಿದರು. ನನಗೂ ಪಾಠವಾಯಿತು: "ಹ್ಞೂಂ ಅನ್ನಬ್ಯಾಡ್ರಿ. ತೊಡಿ ಸೈತ ಅಲಗಿಸಬ್ಯಾಡ್ರಿ."

ದಪ್ಪ ಸಪ್ಪಳಕ್ಕೆ ಒಂದು ಬೀಜ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಅಕ್ಕೋರು ಸಪ್ಪಳ ಸಣ್ಣದು ಮಾಡುತ್ತಾ ಪೆಟ್ಟಿಗೆಯ ಗುಂಡಿ ಒತ್ತುತ್ತಲೇ ಹೋದರು, ಬೀಜ ಅವಳ ಮುಷ್ಟಿಯಲ್ಲೇ ಉಳಿಯಿತು. ಹಾಕು ತಾಯಿ, ಹಾಕು ಎಂದು ಒಳಗೇ ಬೇಡಿಕೊಂಡೆ. ಹಾಕಲಿಲ್ಲ.

"ಸಣ್ಣ ಸಪ್ಪಳ ಆಕಿಗೆ ಮುಟ್ಟೂದಿಲ್ರಿ," ಎಂದರು ಅಕ್ಕೋರು. "ಮಷೀನ್ ಹಾಕಿದ್ರ ಮುಟ್ಟತೈತಿ. ಅಳಬ್ಯಾಡ್ರಿ, ಇನ್ನೂ ಹೊತ್ತು ಮೀರಿಲ್ಲ."

ಕಿವಿಗೆ ಮಷೀನ್ ಹಾಕಿದ ದಿನ ಮತ್ತೆ ನನ್ನ ತೊಡೆ, ಅದೇ ಬಟ್ಟಲು. ಈ ಸಲ ಹೆಡ್‌ಫೋನ್ ಇಲ್ಲ; ಗೋಡೆಯ ಪೆಟ್ಟಿಗೆಯಿಂದ ಸಪ್ಪಳ ಬರುತ್ತಿತ್ತು. ನನಗೇ ಅರೆಬರೆ ಕೇಳಿಸಿದ ಒಂದು ಸಣ್ಣ ಸಪ್ಪಳಕ್ಕೆ ಬೀಜ ಬಿತ್ತು. ಟಣ್. ನಿಮ್ಮಕ್ಕ ಬೆಚ್ಚಿ ಬಟ್ಟಲೊಳಗೆ ಇಣುಕಿದಳು. ಬೀಜ ತೆಗೆದು ಮತ್ತೆ ಹಾಕಿದಳು. ಟಣ್. ಆಮೇಲೆ ಗುಂಡಿಯ ಸಪ್ಪಳ ಯಾರಿಗೆ ಬೇಕು? ಹಾಕಿದ್ದೇ ಹಾಕಿದ್ದು, ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಬಾಗಿಲ ಹೊರಗೆ ಓಡಿ ಅವ್ವನ ಕೈ ಹಿಡಿದು ಅಲುಗಿಸಿ, ಬಳೆಗೆ ಕಿವಿ ಹಚ್ಚಿ ನಿಂತಳು.

"ನನ್ನ ಪರೀಕ್ಷಾ ಪೂರಾ ಕೆಡಸಿದಿ ನೋಡವ್ವಾ," ಎಂದು ಅಕ್ಕೋರು ಕಣ್ಣೊರೆಸಿಕೊಂಡರು.

ಅಕ್ಕೋರು ಈಗ ಬಸವನ ಬಾಗೇವಾಡಿಯಲ್ಲಿದ್ದಾರೆ. ಪ್ರತಿ ವರ್ಷ ಹುಣಸೆಹಣ್ಣು ಬಿಡಿಸಿದಾಗ ಬೀಜ ತೊಳೆದು, ಒಣಗಿಸಿ, ಚೀಲ ಕಟ್ಟಿ ಅವರಿಗೆ ಕಳಿಸುತ್ತೇನೆ. ಆರಿಸುವ ಕೆಲಸ ಮಾತ್ರ ನಿಮ್ಮಕ್ಕನದು. ಒಂದೊಂದನ್ನೂ ಸ್ಟೀಲ್ ಬಟ್ಟಲಿಗೆ ಹಾಕಿ ಕೇಳುತ್ತಾಳೆ. ಸಪ್ಪಳ ಮನಸ್ಸಿಗೆ ಬಂದರೆ ಮಾತ್ರ ಚೀಲಕ್ಕೆ.