ಕರಿ ಕುದುರೆಯ ಬಿಳಿ ಕೂದಲು

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಶಹಾಬಾದದಲ್ಲಿ ಕಲ್ಲಿಗೆ ಪಾಲಿಶ್ ಮಾಡುವುದು, ಕರೆದ ಊರಿಗೆ ಹೋಗಿ ನೆಲಕ್ಕೆ ಫರ್ಸಿ ಕಲ್ಲು ಹಾಕುವುದು ನನ್ನ ಕೆಲಸ. ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯಬೇಕು. ಅಕ್ಕನ ಕೈಯಲ್ಲಿದ್ದ ಒಂದು ಕೆಲಸವನ್ನು ನಾನು ನನ್ನ ಬಾಯಿಂದ ಕಳೆದೆ.

ಅವಳ ಕೆಲಸ ಕುದುರೆಗೆ ಬಣ್ಣ ಹಚ್ಚುವುದು. ಹೆಬ್ಬೆರಳಿನಷ್ಟು ಎತ್ತರದ ತವರದ ಕುದುರೆ, ಮೇಲೊಬ್ಬ ಕತ್ತಿ ಹಿಡಿದ ಸವಾರ. ಇಂಥ ಪುಟ್ಟ ದಂಡನ್ನು ಗಾಜಿನ ಕಪಾಟಿನಲ್ಲಿಟ್ಟು ಮಾರುವ ಅಂಗಡಿಯೊಂದು ಹೈದರಾಬಾದಿನಲ್ಲಿದೆ. ಮಕ್ಕಳ ಆಟಕ್ಕಲ್ಲ, ದೊಡ್ಡವರೇ ಕೊಂಡು ಮನೆಯಲ್ಲಿ ಜೋಡಿಸಿಡುತ್ತಾರೆ. ಆ ಅಂಗಡಿಯ ನೆಲಕ್ಕೆ ಫರ್ಸಿ ಹಾಕಲು ಹೋದಾಗ ಸೇಠ್ ತನ್ನ ಕೆಲಸಗಾರರ ಮೇಲೆ ಸಿಟ್ಟಾಗಿದ್ದ. ಬಿಳಿ ಕುದುರೆ, ಕೆಂಚು ಕುದುರೆ ಚೆನ್ನಾಗಿ ಬರುತ್ತವೆ, ಕರಿಯದು ಮಾತ್ರ ಇದ್ದಲಿನ ತುಂಡಾಗುತ್ತದೆ ಎಂದು ಅವನ ಗೋಳು. ಸಿಮೆಂಟು ಕಲಸುತ್ತಿದ್ದ ನಾನು, ನಮ್ಮಕ್ಕ ಮಾಡುತ್ತಾಳೆ ಎಂದೆ. ಅವನು ನಕ್ಕ. ಆದರೂ ಬಣ್ಣವಿಲ್ಲದ ಎರಡು ಕುದುರೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಅಕ್ಕನನ್ನು ಸೇಡಂಗೆ ಕೊಟ್ಟಿದ್ದೇವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯವರೆಲ್ಲ ತಮ್ಮ ಮಣ್ಣಿನ ಎತ್ತುಗಳಿಗೆ ಕಣ್ಣು ಬರೆಸಲು ಅವಳ ಮನೆಗೇ ಬರುತ್ತಾರೆ. ಇನ್ನು ಕುದುರೆ ಅವಳಿಗೆ ಮೊದಲೇ ಗೊತ್ತು. ನಮ್ಮಪ್ಪ ಶಹಾಬಾದ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದ. ಚಿಂಚೋಳಿ ಕಡೆಯಿಂದ ತಂದ ಕರಿ ಕುದುರೆ. ಅದನ್ನು ತೊಳೆಯುತ್ತಿದ್ದವಳು, ತಿಕ್ಕುತ್ತಿದ್ದವಳು, ಹುಲ್ಲು ಹಾಕುತ್ತಿದ್ದವಳು ಅಕ್ಕ. ನಾನು ಒದ್ದೀತೆಂದು ದೂರ ನಿಲ್ಲುತ್ತಿದ್ದೆ.

ಅವಳು ಕರಿ ಬಣ್ಣಕ್ಕೆ ಒಂದಿಷ್ಟು ಕಾವಿ, ಒಂದು ಹನಿ ನೀಲಿ ಸೇರಿಸಿ, ಮಜ್ಜಿಗೆಯಂತೆ ತೆಳ್ಳಗೆ ಮಾಡಿ ಎರಡು ಸಲ ಹಚ್ಚುತ್ತಿದ್ದಳು. ಒಣಗಿದ ಮೇಲೆ ಬೂದಿ ನೀಲಿಯಲ್ಲಿ ಕುಂಚ ಅದ್ದಿ, ಅಂಗೈ ಹಿಂಬದಿಗೆ ಒರೆಸಿ ಒರೆಸಿ, ಬಣ್ಣ ಮುಗಿದೇ ಹೋಯಿತು ಅನ್ನುವಾಗ ಬೆನ್ನು, ಕತ್ತು, ಮೊಣಕಾಲಿನ ಎಲುಬಿಗಷ್ಟೇ ಸವರುವಳು. ಪಕ್ಕೆಗೆ, ಮೂತಿಯ ಸುತ್ತ ಕಂದು. ಕತ್ತಿನ ಜೂಲುಗೂದಲಿಗೆ ಮಾತ್ರ ಬರೀ ಕರಿ. ಕಣ್ಣಿಗೆ ಸೂಜಿಯ ತುದಿಯಿಂದ ವಾರ್ನಿಶ್.

“ಕರೇ ಕುದುರ್ಯಾಗ ಕರೇ ಬಣ್ಣ ಎಷ್ಟಿರ್ತದೋ ತಮ್ಮಾ?” ಎಂದಿದ್ದಳು. “ಬ್ಯಾಸಗ್ಯಾಗ ನಮ್ಮ ಕುದುರಿ ಪಕ್ಕಿ ಬೆಲ್ಲದಂಗ ಆಗ್ತಿತ್ತು, ನೋಡಿದ್ದಿಲ್ಲೇನು?”

ನೋಡಿದ್ದೆ ಎಂದೆ. ನೋಡಿರಲಿಲ್ಲ.

ಕೊನೆಗೆ ಒಂದು ಭುಜದ ಮೇಲೆ ನಾಲ್ಕು ಬಿಳಿ ಗೆರೆ ಎಳೆಯುವಳು, ಕೂದಲಿಗಿಂತ ಸಣ್ಣವು. ನಮ್ಮ ಕುದುರೆಯ ಹರಿದ ಕೊರಳಪಟ್ಟಿಯನ್ನು ಅಪ್ಪ ಸುತಳಿ ದಾರದಿಂದ ಹೊಲಿದಿದ್ದ. ಆ ಹೊಲಿಗೆ ಉಜ್ಜಿ ಗಾಯವಾಗಿ, ಮಾಯ್ದ ಮೇಲೆ ಅಲ್ಲಿ ಬಿಳಿ ಕೂದಲು ಬಂದಿದ್ದವು. ದಂಡಿನ ಕುದುರೆಗೆ ಟಾಂಗಾದ ಪಟ್ಟಿಯ ಗಾಯ ಎಲ್ಲಿಂದ ಬರಬೇಕು? ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಕೊಳ್ಳುವವರು ಅದನ್ನು ಯುದ್ಧದ ಗಾಯವೆಂದು ತಿಳಿದು ಇನ್ನೂ ಇಷ್ಟಪಟ್ಟರು.

ಆಮೇಲೆ ತಿಂಗಳು ತಿಂಗಳು ಕುದುರೆಗಳು ಬಂದವು. ಬಣ್ಣವಿಲ್ಲದವನ್ನು ಅವಳ ಮನೆಗೆ ಒಯ್ದು ಕೊಟ್ಟು, ಅವಳು ಹಚ್ಚುವಾಗ ಒಂದೆರಡು ದಿನ ಪಕ್ಕದಲ್ಲೇ ಕೂತಿರುತ್ತಿದ್ದೆ. ಅವು ಮುಗಿದ ಮೇಲೆ ನಾನು ಶಹಾಬಾದದಲ್ಲಿ ಹೈದರಾಬಾದಿನ ರೈಲು ಹತ್ತುತ್ತಿದ್ದೆ. ವಾಡಿ, ಚಿತ್ತಾಪುರ ದಾಟಿ ಸೇಡಂ ಬಂದರೆ ಅಕ್ಕ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವಳು. ಹತ್ತಿಯಲ್ಲಿ ಹುದುಗಿಸಿದ ಕುದುರೆಗಳ ಡಬ್ಬಿಯನ್ನು ಬಾಗಿಲಲ್ಲಿ ಕೊಟ್ಟು, ನನ್ನ ದಂಡು ಬೀಳಿಸಿ ಸೋಲಿಸಬೇಡ ಎಂದು ನಗುವಳು. ಕಿಟಕಿಯ ಹತ್ತಿರ ಅವಳದೇ ಒಂದು ಮೇಜು ಬಂತು. ಮನೆಗೆ ಬಂದವರಿಗೆ, “ಕುಂದ್ರಿ, ಕೆಲಸದಾಗ ಇದ್ದೀನಿ” ಅನ್ನುವಳು. ಆ ಮಾತು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಮದುವೆಯಾದಾಗಿನಿಂದ ಅವಳು ಯಾರನ್ನೂ ಕಾಯಿಸಿದವಳಲ್ಲ.

ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ಡಬ್ಬಿ ತಲುಪಿಸಲು ಹೋದಾಗ ಸೇಠ್ ನನ್ನನ್ನು ಒಳಗೆ ಕುರ್ಚಿಯಲ್ಲಿ ಕೂರಿಸಿದ. ಅದೇ ನೆಲಕ್ಕೆ ಕಲ್ಲು ಹಾಕುವಾಗ ನನ್ನ ಚಹಾ ಹೊರಗಿನ ಮೆಟ್ಟಿಲಿಗೆ ಬರುತ್ತಿತ್ತು. ಅಂದು ಪಿಂಗಾಣಿ ಕಪ್ಪಿನಲ್ಲಿ ಬಂತು. ಕರಿ ಕುದುರೆ ನೋಡಿ ಬಂದಿದ್ದ ಗಿರಾಕಿಯೊಬ್ಬ, ಕಲಾವಿದರು ಇವರೇನಾ ಎಂದು ಕೇಳಿದ. ಸೇಠ್ ನನ್ನ ಮುಖ ನೋಡಿದ. ಅಕ್ಕ ಮಾಡುತ್ತಾಳೆ ಎಂದು ಮೊದಲ ದಿನ ಹೇಳಿದ್ದು ಅವನಿಗೆ ನೆನಪಿತ್ತೋ ಇಲ್ಲವೋ. ನಾನು ಹೌದು ಎಂದೆ.

ಮುಂದಿನದೆಲ್ಲ ಆ ಒಂದು ಹೌದಿನ ಹಿಂದೆ ಬಂತು. ಸೇಠ್ ಫೋನು ಹಿಡಿದು ವಿಡಿಯೋ ಮಾಡಿದ, ಉಸ್ತಾದ್ ಎಂದು ಕರೆದ, ಇನ್ನು ಮುಂದೆ ನೀನು ಇಲ್ಲೇ ಇದ್ದು ನನ್ನ ಹುಡುಗರಿಗೆ ಕಲಿಸು ಎಂದ. ತಂದ ಕುದುರೆಗಳನ್ನು ಆಗಲೇ ಕಟ್ಟಿ ಕಳಿಸಿದ್ದರು. ಬಣ್ಣವಿಲ್ಲದ ಒಂದನ್ನು ಕೈಯಲ್ಲಿ ಹಿಡಿದು ನಾನು ಕಾವಿ ಹೇಳಿದೆ, ನೀಲಿ ಹೇಳಿದೆ, ಒರೆಸಿದ ಕುಂಚ ಹೇಳಿದೆ, ಬಿಳಿ ಕೂದಲೂ ಹೇಳಿದೆ. ಚಿಕ್ಕಂದಿನಲ್ಲಿ ಅಪ್ಪನ ಕುದುರೆಯನ್ನು ನಾನೇ ತೊಳೆಯುತ್ತಿದ್ದೆ ಎಂದೆ. ಅದನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಕುದುರೆ ಬರಲಿಲ್ಲ. ಸೇಠ್ ನನ್ನನ್ನು ಕರೆಯಲೂ ಇಲ್ಲ, ನನ್ನ ಫೋನು ಎತ್ತಲೂ ಇಲ್ಲ. ಕಲಿಸಬೇಕಾದ್ದೆಲ್ಲ ಆ ವಿಡಿಯೋದಲ್ಲೇ ಇತ್ತು. ಮೋಸ ಹೋದೆ ಎಂದು ಯಾರ ಮುಂದೆ ಹೇಳಲಿ? ಅಕ್ಕನಿಗೆ, ಈಗ ಯಾರೂ ಅವನ್ನು ಕೊಳ್ಳುತ್ತಿಲ್ಲ ಎಂದೆ. ಮತ್ತೆ ಯಾವಾಗ ಬರುತ್ತವೆ ಎಂದು ಅವಳು ಫೋನಿನಲ್ಲಿ ಕೇಳುತ್ತಲೇ ಇದ್ದಳು. ಬೇರೆ ಕೆಲಸಕ್ಕೆ ಹೈದರಾಬಾದಿಗೆ ಹೋಗುವಾಗ ಚಿತ್ತಾಪುರ ದಾಟಿದ ಕೂಡಲೇ ನಾನು ಎದ್ದು, ಪ್ಲಾಟ್‌ಫಾರ್ಮ್ ಬರದ ಕಡೆಯ ಕಿಟಕಿಗೆ ಹೋಗಿ ಕೂರುತ್ತಿದ್ದೆ.

ಆರೇಳು ತಿಂಗಳ ಮೇಲೆ ಅವಳೇ ಫೋನು ಮಾಡಿ ಬಾ ಎಂದಳು. ಹೋದೆ. ಅವಳ ಮಗಳ ಫೋನಿನಲ್ಲಿ ಸೇಠ್‌ನ ವಿಡಿಯೋ ಇತ್ತು. ನನ್ನ ದನಿ, ನನ್ನ ಕೈ, ಕೊನೆಯಲ್ಲಿ ಅವನ ಹುಡುಗರು ಮಾಡಿದ ಹೊಸ ಕುದುರೆಗಳ ಸಾಲು. ಅವಳು ಪೂರ್ತಿ ನಡೆಯಲು ಬಿಟ್ಟಳು.

“ಕುದುರಿ ನೀ ತೊಳಿತಿದ್ದಿ?”

ಇಲ್ಲ ಎಂದೆ. ಆಮೇಲೆ ಎಲ್ಲ ಹೇಳಿದೆ, ಕುರ್ಚಿ, ಕಪ್ಪು, ಹೌದು ಎಂದದ್ದು. ಸೇಠ್ ನನಗೂ ಕೈಕೊಟ್ಟ ಎಂದೂ ಹೇಳಿದೆ.

“ಅವ ಮೋಸ ಮಾಡ್ದಾ ಅಂತ ನನ್ನ ಮುಂದ ಅಳ್ಲಿಕತ್ತಿ?” ಎಂದಳು. ದನಿ ಏರಿಸಲಿಲ್ಲ. ಒಂದು ಕುದುರೆಯನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದಳು. “ಬಿಳಿ ಕೂದಲ ಎಡಗಡಿ ಭುಜಕ್ಕ ಬರದಾರ. ಎಡಕ ಅಂತ ನೀನ ಹೇಳಿದ್ಯೇನು?”

“ಹೌದು.”

“ಬಲಕ್ಕಿದ್ವು.” ಫೋನನ್ನು ಬೋರಲು ಹಾಕಿದಳು. “ಎರಡು ವರ್ಷ ನನ್ನ ಬಾಜೂಕ ಕುಂತಿ. ಆ ಕುದುರಿ ನಮ್ಮನ್ಯಾಗ ಇದ್ದಾಗೂ ನೋಡಿಲ್ಲ, ನಾ ಬಣ್ಣ ಹಚ್ಚಿದಾಗೂ ನೋಡಿಲ್ಲ.”

ಮೇಜಿನ ಮೇಲೆ ಬಣ್ಣವಿಲ್ಲದ ಒಂದು ಕುದುರೆ ಉಳಿದಿತ್ತು. ಅದು ಸೇಠ್‌ನ ಮಾಲು, ಒಯ್ದು ಕೊಟ್ಟುಬಿಡು ಎಂದು ಹತ್ತಿಯಲ್ಲಿ ಸುತ್ತಿ ಕೊಟ್ಟಳು. ಊಟಕ್ಕೆ ಏಳು ಎನ್ನಲಿಲ್ಲ. ಹಾಗೆ ಆದದ್ದು ಅದೇ ಮೊದಲು.

ಮರುದಿನವೇ ಹೋಗಿ ಅದನ್ನು ಸೇಠ್‌ನ ಮುಂದಿಟ್ಟೆ. ಬಣ್ಣ ಹಚ್ಚಿದವಳು ನಮ್ಮಕ್ಕ, ನಾನು ಅಪ್ಪನ ಕುದುರೆಯ ಹತ್ತಿರವೂ ಹೋದವನಲ್ಲ ಎಂದೆ. ಅವನು ಹೂಂ ಎಂದು ಡಬ್ಬಿ ಕಟ್ಟುತ್ತಲೇ ಇದ್ದ. ಹುಡುಗರು ಮಾಡಿದ್ದೊಂದನ್ನು ನನ್ನ ಕಡೆ ಸರಿಸಿ, ಎಲ್ಲ ಸರಿಯಾಗಿದೆಯಾ, ಏನಾದರೂ ತಪ್ಪಿದೆಯಾ ಎಂದು ಕೇಳಿದ.

ನಾನು ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದೆ. ಎಡಭುಜದ ಮೇಲೆ ನಾಲ್ಕು ಬಿಳಿ ಗೆರೆ.

ಎಲ್ಲ ಸರಿಯಾಗಿದೆ ಎಂದೆ. ಬಲಭುಜವೊಂದನ್ನು ಅವನಿಗೆ ಕೊಡಲಿಲ್ಲ. ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ. ಅವಳು ನನ್ನ ಫೋನು ಎತ್ತುವುದಿಲ್ಲ.