ಒಂದು ಸೈಜು ಮೇಲಿನ ಪಂಪು

ಮಧುಗಿರಿಯ ನಮ್ಮ ಮೋಟರು ಅಂಗಡಿಯಲ್ಲಿ ಅಪ್ಪ ನನಗೆ ಕಲಿಸಿದ ಮೊದಲ ಪಾಠ ಇದು: ಗಿರಾಕಿ ಕೇಳಿದ್ದಕ್ಕಿಂತ ಒಂದು ಸೈಜು ಮೇಲಿನದನ್ನೇ ಕೊಡು. ಮೂರು ಎಚ್‌ಪಿ ಕೇಳಿದವನಿಗೆ ಐದು, ಐದು ಕೇಳಿದವನಿಗೆ ಏಳೂವರೆ. ನಮ್ಮ ಕಡೆ ಬೋರಿನ ನೀರು ವರ್ಷ ವರ್ಷಕ್ಕೂ ಕೆಳಗಿಳಿಯುತ್ತದೆ. ಈ ವರ್ಷಕ್ಕೆ ಸರಿಹೋದ ಮೋಟರು ಬರುವ ವರ್ಷ ಏದುಸಿರು ಬಿಡುತ್ತದೆ, ಆಗ ಬೈಸಿಕೊಳ್ಳುವವರು ಮಾರಿದವರು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂಗಡಿ ನನ್ನ ಕೈಯಲ್ಲಿದೆ, ಪಾಠವೂ ಹಾಗೇ ಇದೆ. ಕೊಡಿಗೇನಹಳ್ಳಿಯಿಂದ ಮದಲೂರಿನವರೆಗೆ ನಾನು ಕೊಟ್ಟ ಮೋಟರು ಯಾವ ತೋಟದಲ್ಲಿ ಸೋತಿತು ಎಂದು ಯಾರಾದರೂ ಹೇಳಲಿ ನೋಡೋಣ. ಇಷ್ಟು ಜಂಬ ಇದ್ದದ್ದರಿಂದಲೇ ಇದನ್ನು ಬರೆಯಬೇಕಾಗಿ ಬಂದಿದೆ.

ನನ್ನ ಗಂಡ ಕೊಡಿಗೇನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಾತು ಕಡಿಮೆ, ಅಳತೆ ಜಾಸ್ತಿ. ಸಾರಿಗೆ ಉಪ್ಪು ಹಾಕುವಾಗಲೂ ಚಮಚದ ಮೇಲೆ ಬೆರಳು ಸವರಿ ಮಟ್ಟ ಮಾಡುವ ಆಸಾಮಿ. ಅವರಿಗೆ ಐವತ್ತು ಹತ್ತಿರವಾದಾಗ ಹವಳದ ತೊಟ್ಟಿಯ ಹುಚ್ಚು ಹಿಡಿಯಿತು. ನಡುಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ತೂತುತೂತಾದ ಕಲ್ಲುಗಳು, ಬಿಳಿ ಮರಳು, ಎರಡು ಕಿತ್ತಳೆ ಬಣ್ಣದ ಮೀನು. ಸಮುದ್ರವನ್ನು ನಾವಿಬ್ಬರೂ ಕಂಡದ್ದು ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಮಾತ್ರ. ಆ ಸಮುದ್ರವನ್ನು ಅವರು ಪ್ರತಿ ಭಾನುವಾರ ಬಕೆಟ್ಟಿನಲ್ಲಿ ತಯಾರು ಮಾಡುತ್ತಿದ್ದರು. ಫಿಲ್ಟರ್ ನೀರಿಗೆ ಪ್ಯಾಕೆಟ್ಟಿನ ಸಮುದ್ರದುಪ್ಪು ಕಲಕಿ, ಅದರ ಒಂದು ಹನಿಯನ್ನು ಪುಟ್ಟ ದುರ್ಬೀನಿನಂಥ ಮಾಪಕದ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಗೆರೆ ಓದಿ, ನೋಟ್‌ಬುಕ್ಕಿನಲ್ಲಿ ಬರೆಯುವುದು.

"ಉಪ್ಪು ನೋಡೋಕೆ ನಾಲಿಗೆ ಸಾಕಲ್ವೇನ್ರೀ?" ಎಂದು ನಾನು ಕಿಚಾಯಿಸುತ್ತಿದ್ದೆ.

"ನಾಲಿಗೆ ಸುಳ್ಳು ಹೇಳ್ತೈತೆ ಕಣೆ, ಗೆರೆ ಹೇಳಲ್ಲ" ಎನ್ನುತ್ತಿದ್ದರು.

ತುಮಕೂರಿನ ಅವರ ಸ್ನೇಹಿತರೊಬ್ಬರ ಮನೆಯ ತೊಟ್ಟಿಯಲ್ಲಿ ಬೆಳೆದಿದ್ದ ಒಂದು ಮೆದು ಹವಳದ ತುಣುಕನ್ನು ತಂದಿದ್ದರು. ಬಂದಾಗ ಹೆಬ್ಬೆರಳ ಉಗುರಿನಷ್ಟಿತ್ತು. ಎರಡು ವರ್ಷದಲ್ಲಿ ಅಣಬೆಯ ಹಾಗೆ ಕಾಂಡ ಬಿಟ್ಟು, ಮೇಲೆ ತಟ್ಟೆ ಬಿಚ್ಚಿ, ಕಾಫಿ ಸಾಸರಿನಷ್ಟಾಯಿತು. ಬೆಳಿಗ್ಗೆ ತೊಟ್ಟಿಯ ದೀಪ ಹಾಕಿದ ಸ್ವಲ್ಪ ಹೊತ್ತಿಗೆ ತಟ್ಟೆಯ ತುಂಬ ಸಣ್ಣ ಸಣ್ಣ ಎಳೆಗಳು ಹೊರಗೆ ಬಂದು ರಾಗಿ ಪೈರಿನಂತೆ ಓಲಾಡುತ್ತಿದ್ದವು. ಶನಿವಾರ ಮಧ್ಯಾಹ್ನ ಅವರ ಶಾಲೆಯ ಮಕ್ಕಳು ಬಸ್ಸು ಹತ್ತಿ ಅದನ್ನು ನೋಡಲು ಬರುತ್ತಿದ್ದರು. ಆ ದಿನ ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದರು. ನಮ್ಮ ಮದುವೆಯ ದಿನ ಬಿಟ್ಟರೆ ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿದ್ದು ಆ ಶನಿವಾರಗಳಲ್ಲೇ.

ಹವಳ ದೊಡ್ಡದಾದ ಮೇಲೆ ತೊಟ್ಟಿಯಲ್ಲಿ ನೀರು ಅಲುಗಾಡಿಸುವ ಹಳೆಯ ಪಂಪು ಸಾಲದಾಯಿತು. ಕಲ್ಲಿನ ಹಿಂದೆ ಕಸ ಕೂರುತ್ತಿತ್ತು. ಒಂದು ಸಂಜೆ ಅವರು ಒಂದು ಚೀಟಿ ಹಿಡಿದು ಬಂದರು.

"ಪಂಪಿನ ವಿಷ್ಯ ನಿಂಗಿಂತ ಯಾರಿಗೆ ಗೊತ್ತು? ನೀನೇ ಆರಿಸು. ಎರಡು ಸಣ್ಣವು ಸಾಕು, ಅಗಲ ಬಾಯಿದ್ದವು. ಆ ಕಡೆ ಒಂದು, ಈ ಕಡೆ ಒಂದು. ನೀರು ಹೊಡೀಬಾರ್ದು ಕಣೆ, ಸುಮ್ನೆ ಅಲುಗಾಡಿಸ್ಬೇಕು ಅಷ್ಟೇ."

ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅವರು ನನ್ನ ಕಸುಬಿನ ಮಾತು ಕೇಳಿದ್ದು ಅದೇ ಮೊದಲು. ನನಗೆ ಕೋಡು ಬಂತು. ನಾಲ್ಕು ಸಂಜೆ ಫೋನಿನಲ್ಲಿ ಹುಡುಕಿದೆ. ಗಂಟೆಗೆ ಎಷ್ಟು ಲೀಟರು ನೀರು ತಳ್ಳುತ್ತದೆ ಎಂದು ಎಲ್ಲದರ ಮೇಲೂ ಬರೆದಿತ್ತು, ಎಷ್ಟು ಅಡಿ ಎತ್ತುತ್ತದೆ ಎಂದು ಮಾತ್ರ ಯಾವುದರ ಮೇಲೂ ಇರಲಿಲ್ಲ. ನೀರೆತ್ತದ ಪಂಪು ಎಂಥ ಪಂಪು ಎಂದು ಕೇಳಿದರೆ ಅವರು ನಕ್ಕರು. ಅಲ್ಲಿ ನೀರು ಎಲ್ಲಿಗೂ ಹೋಗಬೇಕಾಗಿಲ್ಲ, ಇದ್ದಲ್ಲೇ ಸುತ್ತಿದರೆ ಸಾಕು ಎಂದರು. ನನಗೆ ಅದು ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಚೀಟಿಯನ್ನು ಪಕ್ಕಕ್ಕಿಟ್ಟು, ಎರಡು ಸಣ್ಣದರ ಬದಲು ಐದಡಿಯ ತೊಟ್ಟಿಗೆ ಆಗುವಂಥ ಒಂದೇ ದೊಡ್ಡ ಪಂಪು ತರಿಸಿದೆ. ಅಪ್ಪನ ಪಾಠ ರಕ್ತದಲ್ಲೇ ಇತ್ತಲ್ಲ.

ಡಬ್ಬ ಬಿಚ್ಚಿದಾಗ ಅವರ ಮುಖ ಸಪ್ಪಗಾಯಿತು. ಆದರೂ ಬೇಸರ ತೋರಿಸಲಿಲ್ಲ.

"ಇರ್ಲಿ ಬುಡು, ಕಮ್ಮೀಲಿ ಓಡಿಸ್ತೀನಿ" ಎಂದರು.

ತೊಟ್ಟಿಯ ಮೇಲಿನ ಮೂಲೆಯಲ್ಲಿ ಅದನ್ನು ಅಂಟಿಸಿ, ನೀರು ಎದುರಿನ ಗಾಜಿಗೆ ತಾಗಿ ಚದುರುವ ಹಾಗೆ ಅದರ ಮುಖ ತಿರುಗಿಸಿದರು. ಪಂಪಿನ ಜೋರು ಏರಿಸಿ ಇಳಿಸುವ ತಿರುಪಿನ ಮೇಲೆ ಒಂದರಿಂದ ಹತ್ತರವರೆಗೆ ಗುರುತಿತ್ತು. ಅವರು ಎರಡಕ್ಕೆ ಇಟ್ಟರು. ನಾನು ಆರಿಸಿದ ಪಂಪು ಎರಡರಲ್ಲಿ ಕುಂಟುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಅವತ್ತು ಅವರ ಚಪಾತಿಗೆ ತುಪ್ಪ ಹಾಕಲಿಲ್ಲ, ಅಷ್ಟು ಸಣ್ಣ ಬುದ್ಧಿ ನನ್ನದು.

ಮುಂದಿನ ವಾರ ಅವರಿಗೆ ಮೈಸೂರಿನಲ್ಲಿ ಆರು ದಿನದ ತರಬೇತಿ ಬಂತು. ಹೊರಡುವ ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿದ್ದರೂ ಅವಸರದಲ್ಲೇ ಹೊಸ ಉಪ್ಪುನೀರು ಕಲಸಿ, ಗೆರೆ ಓದಿ, ತೊಟ್ಟಿಗೆ ಹಾಕಿದರು. ಬಾಗಿಲಲ್ಲಿ ನಿಂತು ಹೇಳಿದರು: "ಮೀನಿಗೆ ಒಂದ್ಸಲಿ ಊಟ. ನೀರು ಆರಿದ್ರೆ ಗುರುತಿನವರ್ಗೂ ಸಿಹಿನೀರು. ಬೇರೆ ಏನೂ ಮುಟ್ಬೇಡ."

ಅವತ್ತು ಸಂಜೆಯೇ ಮುಟ್ಟಿದೆ.

ಹೊಸ ಮೋಟರು ಇಳಿಸಿದ ಹೊಲದಲ್ಲಿ ನಾನು ಪೈಪಿನ ಬಾಯಿಗೆ ಅಂಗೈ ಕೊಟ್ಟು ನೋಡುತ್ತೇನೆ. ನೀರು ಕೈಯನ್ನು ಹಿಂದಕ್ಕೆ ತಳ್ಳಬೇಕು. ತಳ್ಳದಿದ್ದರೆ ಅಲ್ಲಿಂದ ಕಾಲು ಕೀಳುವುದಿಲ್ಲ. ತೊಟ್ಟಿಯೊಳಗೂ ಹಾಗೇ ಕೈ ಇಟ್ಟೆ. ಯಾರೋ ಉಫ್ ಎಂದು ಊದಿದ ಹಾಗಾಯಿತು, ಅಷ್ಟೇ. ಕಲ್ಲಿನ ಹಿಂದೆ ಕಸ ಬೇರೆ ಕಣ್ಣಿಗೆ ಚುಚ್ಚುತ್ತಿತ್ತು. ಪಂಪಿನ ಮುಖವನ್ನು ಕಲ್ಲಿನ ಕಡೆ ತಿರುಗಿಸಿ, ತಿರುಪನ್ನು ಹತ್ತಕ್ಕೆ ಇಟ್ಟೆ. ಕಸವೆಲ್ಲ ಎದ್ದು ಹಾರಿತು. ಮೀನುಗಳು ಎದುರು ನೀರಿಗೆ ಈಜತೊಡಗಿದವು. "ಪಂಪು ಅಂದ್ರೆ ಇದು" ಎಂದು ಮೀನುಗಳಿಗೇ ಹೇಳಿದೆ. ಅವತ್ತು ಸೊಗಸಾಗಿ ನಿದ್ದೆ ಬಂತು.

ಮಾರನೇ ದಿನ ಹವಳದ ಎಳೆಗಳು ಹೊರಗೆ ಬರಲಿಲ್ಲ. ಅದು ಆಗಾಗ ಹೊರಪೊರೆ ಕಳಚುತ್ತದೆ, ಆಗ ನಾಲ್ಕು ದಿನ ಮುದುಡಿಕೊಂಡಿರುತ್ತದೆ ಎಂದು ಅವರು ಹಿಂದೊಮ್ಮೆ ಹೇಳಿದ್ದರು. ಆ ಮಾತನ್ನು ನನಗೆ ಬೇಕಾದ ಹಾಗೆ ಉಪಯೋಗಿಸಿಕೊಂಡು ಅಂಗಡಿಗೆ ಹೋದೆ. ಮೂರನೇ ದಿನ ಮರಳು ಎದ್ದು ಹವಳದ ಬುಡಕ್ಕೆ ರಾಶಿ ಬಿದ್ದಿತ್ತು. ನಾಲ್ಕನೇ ದಿನ ತಟ್ಟೆಯ ಒಂದು ಅಂಚು ಬಿಳಿಚಿಕೊಂಡು ಹರಿದ ಬಟ್ಟೆಯಂತೆ ಪಟಪಟ ಬಡಿಯುತ್ತಿತ್ತು. ಅವತ್ತು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಬರೆದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ಒಂದು ಫೋನು ಮಾಡಬಹುದಿತ್ತು, ಕೊನೆಗೆ ತಿರುಪನ್ನಾದರೂ ಇಳಿಸಬಹುದಿತ್ತು. ಇಳಿಸಿದರೆ ನನ್ನ ಆಯ್ಕೆ ತಪ್ಪು ಎಂದು ನಾನೇ ಒಪ್ಪಿದ ಹಾಗೆ. ನಾಳೆ ಸರಿಹೋಗಬಹುದು ಎಂದುಕೊಂಡು ಇನ್ನೆರಡು ದಿನ ತಳ್ಳಿದೆ.

ಆರನೇ ದಿನ ಅವರು ತುಮಕೂರಿನ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿ, ಮಧುಗಿರಿ ಬಸ್ಸು ಹತ್ತಿದೆ ಎಂದರು. ನಾನು ಅಂಗಡಿಗೆ ಬೀಗ ಹಾಕಿ ಮನೆಗೆ ಓಡಿದೆ. ತಿರುಪು ಎರಡಕ್ಕೆ, ಮುಖ ಗಾಜಿನ ಕಡೆಗೆ. ಮರಳನ್ನು ಬೆರಳಿನಿಂದ ಸಮ ಮಾಡಿದೆ. ಪಂಪಿನ ಜಾಲರಿಗೆ ಹವಳದ ಒಂದು ಚೂರು ಸಿಪ್ಪೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ, ಸಿಂಕಿಗೆ ಹಾಕಿ, ನಲ್ಲಿ ತಿರುಗಿಸಿದೆ. ಆ ಸಿಪ್ಪೆಯ ಜಿಗುಟು ಈಗಲೂ ಬೆರಳಲ್ಲಿದೆ ಅನಿಸುತ್ತದೆ.

ಅವರು ಹೆಗಲ ಚೀಲವನ್ನೂ ಇಳಿಸದೆ ತೊಟ್ಟಿಯ ಮುಂದೆ ನಿಂತರು.

"ಏನಾದ್ರೂ ಮುಟ್ಟಿದ್ಯಾ?"

"ಊಟ ಹಾಕ್ದೆ, ನೀರು ಹಾಕ್ದೆ. ಇನ್ನೇನ್ ಮಾಡ್ಲಿ ನಾನು? ನಂಗೆ ಬೇರೆ ಕೆಲ್ಸ ಇಲ್ವಾ?" ಎಂದು ರೇಗಿದೆ. ತಪ್ಪು ನನ್ನದಾದಾಗ ನನ್ನ ದನಿ ಏರುತ್ತದೆ. ಇದು ನನ್ನ ಅಮ್ಮನಿಗೆ ಗೊತ್ತಿತ್ತು, ನನ್ನ ಗಂಡನಿಗೆ ಇನ್ನೂ ಗೊತ್ತಿರಲಿಲ್ಲ.

ಅವರು ನಂಬಿಬಿಟ್ಟರು. ಎರಡು ವಾರದಲ್ಲಿ ಹವಳ ಕರಗಿ ಕೊಳೆಯಿತು, ನಡುಮನೆಯೆಲ್ಲ ನಾತ. ಅವರು ಕಸ ತೆಗೆಯುತ್ತ, ನೀರು ಬದಲಿಸುತ್ತ, ನೋಟ್‌ಬುಕ್ಕು ತಿರುವುತ್ತ ಕೂತಿರುತ್ತಿದ್ದರು. ಕೊನೆಗೆ ಕಾರಣವನ್ನು ಅವರೇ ಹುಡುಕಿಕೊಂಡರು. ಹೊರಡುವ ಬೆಳಿಗ್ಗೆ ಅವಸರದಲ್ಲಿ ಉಪ್ಪಿನ ಗೆರೆಯನ್ನು ತಪ್ಪಾಗಿ ಓದಿರಬೇಕು ಎಂದರು. ಆ ದಿನದ ಅಂಕಿಯ ಸುತ್ತ ಕೆಂಪು ಶಾಯಿಯಲ್ಲಿ ಗೀಟು ಎಳೆದರು. ನಾನು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ.

ಮೀನುಗಳನ್ನು ತುಮಕೂರಿನ ಸ್ನೇಹಿತರಿಗೆ ಕೊಟ್ಟರು. ಆಮೇಲೆ ಶಿರಾಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡರು. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿಯೇ ಇದೆ, ಕನ್ನಡಕ ಬೇಕಾಗಿಲ್ಲ ಎಂದು ಡಾಕ್ಟರು ಹೇಳಿದರೂ ಹಟ ಮಾಡಿ ಸಣ್ಣ ನಂಬರಿನದನ್ನು ಹಾಕಿಸಿಕೊಂಡು ಬಂದರು. ಅದನ್ನು ಹಾಕಿಕೊಂಡರೆ ತಲೆನೋವು ಬರುತ್ತಿತ್ತು, ಆದರೂ ತೆಗೆಯುತ್ತಿರಲಿಲ್ಲ. ಒಂದು ದಿನ ಊಟದ ನಡುವೆ ತಾವಾಗಿಯೇ ಹೇಳಿದರು: "ಲ್ಯಾಬಲ್ಲಿ ಈಗ ನಾನು ಅಳತೆ ಓದಲ್ಲ ಕಣೆ. ಮಕ್ಳ ಕೈಲೇ ಎರಡೆರಡು ಸಲಿ ಓದಿಸ್ತೀನಿ. ಹೆಂಗೆ ನಂಬ್ಲಿ ನನ್ನ ಕಣ್ಣನ್ನ?" ಇನ್ನೊಂದು ದಿನ ಒಲೆಯ ಮುಂದೆ ಚಮಚ ನನ್ನ ಕೈಗೆ ಕೊಟ್ಟು, "ಉಪ್ಪು ನೀನೇ ಹಾಕು" ಎಂದರು.

ಎಂಟು ತಿಂಗಳು ಸಾರಿಗೆ ಉಪ್ಪು ನಾನೇ ಹಾಕಿದೆ. ಹೇಳಿಬಿಡಬೇಕು ಎಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಕರೆಂಟು ಹೋಯಿತು, ಇನ್ನೊಂದು ಸಲ ಅವರು ಏನೋ ತಮಾಷೆ ಮಾಡಿ ನಕ್ಕರು. ಬಹಳ ದಿನದ ಮೇಲೆ ನಕ್ಕದ್ದು, ಯಾಕೆ ಕೆಡಿಸಲಿ ಎಂದುಕೊಂಡೆ. ನೆಪಕ್ಕೇನು, ಹುಡುಕಿದರೆ ಎಷ್ಟು ಬೇಕಾದರೂ ಸಿಗುತ್ತದೆ. ಪಂಪನ್ನು ಮಾತ್ರ ಮನೆಯಲ್ಲಿ ನೋಡಲಾರದೆ ಅಂಗಡಿಗೆ ತಂದು ಮೇಲಿನ ಹಲಗೆಯಲ್ಲಿಟ್ಟಿದ್ದೆ.

ಮೊನ್ನೆ ಒಂದು ಭಾನುವಾರ ಪಾವಗಡದಲ್ಲಿ ಔಷಧಿ ಅಂಗಡಿ ಇಟ್ಟಿರುವ ಹಳೆಯ ಗಿರಾಕಿಯೊಬ್ಬರು ಬಂದರು. ನಮ್ಮ ತೊಟ್ಟಿಯನ್ನು ಅದು ಚೆನ್ನಾಗಿದ್ದ ಕಾಲದಲ್ಲಿ ನೋಡಿ ಹೋಗಿದ್ದವರು, ಈಗ ತಾವೇ ಒಂದು ಮಾಡಿಸಿದ್ದರು. ನನ್ನ ಗಂಡ ಅಂಗಡಿಯ ಮೂಲೆಯಲ್ಲಿ ಕೂತು, ಹಣೆ ಉಜ್ಜಿಕೊಳ್ಳುತ್ತ ಪೇಪರ್ ಓದುತ್ತಿದ್ದರು.

"ಅಕ್ಕಾ, ನಂದೂ ಮೂರಡಿ ತೊಟ್ಟೇನೇ. ನೀರು ತಿರುಗ್ಸೋಕೆ ಒಂದು ಪಂಪು ನೋಡಿ ಕೊಡಿ" ಎಂದವರು ತಲೆಯೆತ್ತಿ ಹಲಗೆಯ ಮೇಲಿದ್ದುದನ್ನು ಕಂಡುಬಿಟ್ಟರು. "ಅದೋ, ಅಲ್ಲೇ ಐತಲ್ಲ. ದೊಡ್ಡದೂ ಐತೆ. ಅದನ್ನೇ ಕೊಟ್ಬುಡಿ."

ನಾನು ಮಾತಾಡುವ ಮೊದಲೇ ನನ್ನ ಗಂಡ ಪೇಪರ್ ಇಳಿಸಿದರು. "ತಗೊಂಡೋಗಿ ಸಾರ್. ಒಳ್ಳೇ ಪಂಪು ಅದು, ನಮ್ಮನೆಯವ್ಳೇ ಆರಿಸಿದ್ದು. ನಾನೇ ಉಪ್ಪು ಕೆಡಿಸಿ ಹವಳ ಸಾಯಿಸ್ಬುಟ್ಟೆ. ನೀವು ಉಪ್ಪಿನ ಕಡೆ ಹುಷಾರಾಗಿರಿ ಅಷ್ಟೇ."

ಏಣಿ ಹತ್ತಿ ಪಂಪು ಇಳಿಸಿದೆ. ಅದು ಕೈಯಲ್ಲಿರುವಾಗ ಪಾವಗಡದ ಆ ಮನೆಯ ತೊಟ್ಟಿ ಕಣ್ಣ ಮುಂದೆ ಬಂತು. ಅಲ್ಲೂ ಒಬ್ಬರು ನೋಟ್‌ಬುಕ್ಕು ಹಿಡಿದು ಕೂರುತ್ತಾರೆ, ಅಲ್ಲೂ ತಪ್ಪನ್ನು ಯಾರೋ ತಲೆಗೆ ಕಟ್ಟಿಕೊಳ್ಳುತ್ತಾರೆ. ಪಂಪನ್ನು ನನ್ನ ಮೇಜಿನ ಮೇಲಿಟ್ಟೆ.

"ಇದು ಬೇಡ ಅಣ್ಣಾ. ಮೂರಡಿಗೆ ಇದು ಬಲು ಜೋರು. ಅಗಲ ಬಾಯಿಂದು ಎರಡು ಸಣ್ಣವು ತರಿಸ್ಕೊಡ್ತೀನಿ. ಎರಡು ಕಡೆಗೂ ಒಂದೊಂದು. ಹವಳಕ್ಕೆ ನೇರ ಹೊಡೀಬಾರ್ದು, ಸುಮ್ನೆ ಅಲುಗಾಡಿಸ್ಬೇಕು" ಎಂದೆ. ಹೇಳುತ್ತಿದ್ದ ಹಾಗೇ ಅದು ಅವತ್ತು ಚೀಟಿ ಹಿಡಿದು ಅವರು ಹೇಳಿದ್ದ ಮಾತೇ ಎಂದು ಅರಿವಾಯಿತು.

"ಅಷ್ಟು ಜೋರಾ ಅಕ್ಕಾ? ಕಮ್ಮಿ ಇಟ್ಕೊಂಡ್ರೆ?"

"ಮೇಷ್ಟ್ರು ಕಮ್ಮೀನೇ ಇಟ್ಟಿದ್ರು. ಅವ್ರು ಮೈಸೂರಿಗೆ ಹೋದಾಗ ನಾನು ಹತ್ತಕ್ಕೆ ತಿರುಗಿಸ್ದೆ" ಎಂದೆ. ಆಮೇಲೆ ಮೂಲೆಯ ಕಡೆ ತಿರುಗಿದೆ. "ನಾನೇ ಕಣ್ರೀ. ನೀವು ಬರೋ ಹೊತ್ತಿಗೆ ಮೊದ್ಲಿದ್ದಂಗೆ ಇಟ್ಬುಟ್ಟೆ."

ಪಾವಗಡದವರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಮುಂದಿನ ವಾರ ಬರುತ್ತೇನೆ ಎಂದು ಮೆಟ್ಟಿಲು ಇಳಿದು ಹೋದರು.

ನನ್ನ ಗಂಡ ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ತರಗತಿಯಲ್ಲಿ ಪ್ರಶ್ನೆ ಕೇಳುವ ದನಿಯಲ್ಲಿ ಕೇಳಿದರು.

"ಮುಖ ಯಾವ ಕಡೆಗಿತ್ತು?"

"ಕಲ್ಲಿನ ಕಡೆಗೆ."

"ಎಷ್ಟು ದಿನ?"

"ಆರು ದಿನಾನೂ."

ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನೂ ದನಿ ಏರಿಸಿ, ಅತ್ತು, ಹಗುರಾಗುತ್ತಿದ್ದೆ. ಅವರು ರಸ್ತೆಯ ಕಡೆ ನೋಡುತ್ತ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳಿದರು:

"ಅಂಗಾದ್ರೆ ನನ್ನ ಉಪ್ಪು ಸರಿಯಾಗೇ ಇತ್ತು."

ಕನ್ನಡಕ ತೆಗೆದು, ಕಡ್ಡಿ ಮಡಿಸಿ, ನನ್ನ ಮೇಜಿನ ಮೇಲೆ ಪಂಪಿನ ಪಕ್ಕದಲ್ಲಿಟ್ಟು, ಎದ್ದು ಮನೆಯ ಕಡೆ ನಡೆದರು. ಕನ್ನಡಕವನ್ನು ಮನೆಗೆ ತಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.